ಕಂದು ರೋಗ: ರಕ್ತಪರೀಕ್ಷೆಯ ವರದಿಯನ್ನು ಓದುವುದು ಹೇಗೆ

(ಹೈನುಗಾರರು, ಪಶುವೈದ್ಯಕೀಯ ಪರೀಕ್ಷಕರು ಮತ್ತು ಕಿರಿಯ ಪಶುವೈದ್ಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಏಳೆಂಟು ತಿಂಗಳ ಗಬ್ಬದ ಹಸು ಕಂದು ಹಾಕಿದರೆ, ಅಂದರೆ ದಿನ ತುಂಬುವ ಮೊದಲೇ ಕರುವನ್ನು ಕಳೆದುಕೊಂಡರೆ, ನಾವು ಮೊದಲು ಹುಡುಕುವುದು ಕಣ್ಣಿಗೆ ಕಾಣುವ ಕಾರಣವನ್ನು. ಜಾರಿ ಬಿದ್ದಿತ್ತೇ, ಪಕ್ಕದ ಹಸು ಹಾಯ್ದಿತ್ತೇ, ಮೇವು ಬದಲಾಗಿತ್ತೇ ಎಂದು ಕೇಳುತ್ತೇವೆ. ಅವೂ ಕಾರಣಗಳಾಗಬಹುದು. ಆದರೆ ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಕಂದು ಬಿದ್ದು, ಕಸವೂ (ಹೆರಿಗೆಯ ನಂತರ ಬೀಳಬೇಕಾದ ಮಾಸು) ಒಳಗೇ ಉಳಿದರೆ, ಬೇರೆ ಕಾರಣ ಸಾಬೀತಾಗುವ ತನಕ ಅದನ್ನು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ ಎಂದೇ ಎಣಿಸಿ ನಡೆದುಕೊಳ್ಳಬೇಕು. ಆ ದಿನ ಏನು ಮಾಡಬೇಕು, ಆಮೇಲೆ ಬರುವ ರಕ್ತಪರೀಕ್ಷೆಯ ವರದಿಯನ್ನು ಎಷ್ಟು ನಂಬಬೇಕು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುವುದು ರೋಗಾಣುವಿನ ಸ್ವಭಾವದಲ್ಲಿ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ರೋಗಾಣು ಎಲ್ಲಿ ಅಡಗುತ್ತದೆ

ದನ, ಎಮ್ಮೆಗಳಲ್ಲಿ ಈ ರೋಗ ತರುವುದು ಮುಖ್ಯವಾಗಿ ಬ್ರುಸೆಲ್ಲಾ ಅಬಾರ್ಟಸ್. ಕುರಿ, ಮೇಕೆಗಳಲ್ಲಿ ಬ್ರುಸೆಲ್ಲಾ ಮೆಲಿಟೆನ್ಸಿಸ್. ಮನುಷ್ಯರಿಗೆ ಹೆಚ್ಚು ಉಗ್ರವಾದದ್ದು ಎರಡನೆಯದು. 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಮೆಲಿಟೆನ್ಸಿಸ್ ಕಂಡುಹಿಡಿದರು. ಅದು ಮೇಕೆಯ ಹಾಲಿನಿಂದ ಬರುತ್ತದೆಂದು ತಿಳಿಯಲು 1905ರಲ್ಲಿ ಥೆಮಿಸ್ಟೋಕ್ಲಿಸ್ ಜಾಮಿಟ್ ಅವರ ಕೆಲಸ ಬೇಕಾಯಿತು. ಅತ್ತ ಡೆನ್ಮಾರ್ಕಿನಲ್ಲಿ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲೇ ಕಂದು ಹಾಕಿದ ಹಸುಗಳಲ್ಲಿ ಇನ್ನೊಂದು ರೋಗಾಣುವನ್ನು ಗುರುತಿಸಿದ್ದರು. ಇವೆರಡೂ ಹತ್ತಿರದ ಬಂಧುಗಳೆಂದು ಆಲಿಸ್ ಇವಾನ್ಸ್ ತೋರಿಸಿದ್ದು 1918ರಲ್ಲಿ. ಹಸುವಿನ ಕೊಟ್ಟಿಗೆಯ ಪಕ್ಕದಲ್ಲೇ ಮೇಕೆ ಕಟ್ಟುವ ನಮಗೆ ಈ ನಂಟು ಇಂದಿಗೂ ಮುಖ್ಯ. ಮೇಕೆಯ ರೋಗಾಣು ಹಸುವಿಗೂ ಅಂಟುತ್ತದೆ. ಹಸುವನ್ನು ಮಾತ್ರ ಪರೀಕ್ಷಿಸಿ ಮೇಕೆಯನ್ನು ಬಿಟ್ಟರೆ ಕೆಲಸ ಅರ್ಧವಷ್ಟೇ ಆದಂತೆ.

ರೋಗಾಣು ಬಹುಪಾಲು ಬಾಯಿಯ ಮೂಲಕ ಒಳಹೋಗುತ್ತದೆ. ಕಂದು ಬಿದ್ದ ಜಾಗವನ್ನು, ಕಸವನ್ನು, ಹಸುವಿನ ಹಿಂಭಾಗವನ್ನು ಇನ್ನೊಂದು ಹಸು ಮೂಸಿ ನೆಕ್ಕುತ್ತದೆ. ಸೋರಿಕೆ ತಾಗಿದ ಹುಲ್ಲನ್ನು ತಿನ್ನುತ್ತದೆ. ಕಣ್ಣಿನ ಪೊರೆ, ಉಸಿರು, ಗಾಯಗೊಂಡ ಚರ್ಮದಿಂದಲೂ ಹೋಗಬಲ್ಲದು. ಒಳಹೊಕ್ಕ ಮೇಲೆ ಅದು ರಕ್ಷಣೆಗೆಂದೇ ಇರುವ ಜೀವಕೋಶಗಳ ಒಳಗೆ ಕುಳಿತು ಬೆಳೆಯುತ್ತದೆ. ಅದಕ್ಕಾಗಿಯೇ ಆ್ಯಂಟಿಬಯಾಟಿಕ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಕೆಚ್ಚಲಿನ ಮೇಲ್ಭಾಗದ ದುಗ್ಧರಸ ಗ್ರಂಥಿಗಳಲ್ಲಿ ಅದು ವರ್ಷಗಟ್ಟಲೆ ಉಳಿದು, ಹಾಲಿನಲ್ಲಿ ಆಗಾಗ ಹೊರಬೀಳುತ್ತದೆ.

ಗಬ್ಬದ ಹಸುವಿನಲ್ಲಿ ಕಥೆ ಬೇರೆ. ಗಬ್ಬ ಬಲಿತಂತೆ ಕಸದಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯ ಜಾತಿಯ ವಸ್ತು ಹೆಚ್ಚುತ್ತದೆ. ರೋಗಾಣುವಿಗೆ ಅದು ಬಲು ಇಷ್ಟದ ಆಹಾರ. ಅಲ್ಲಿ ಅದು ವಿಪರೀತ ಬೆಳೆದು, ತಾಯಿ ಮತ್ತು ಕರುವಿನ ನಡುವಿನ ಬೆಸುಗೆಯಾದ ಗುಂಡಿಗಳನ್ನು ಕೊಳೆಸುತ್ತದೆ. ಗುಂಡಿಗಳು ಹಳದಿ-ಬೂದು ಬಣ್ಣಕ್ಕೆ ತಿರುಗಿ, ನಡುವಿನ ಪೊರೆ ಚರ್ಮದಂತೆ ದಪ್ಪಗಾಗುತ್ತದೆ. ಕಂದು ಬೀಳುವುದು, ಕಸ ಉಳಿಯುವುದು ಇದರಿಂದಲೇ. ಹಾಗೆ ಬಿದ್ದ ಕಸದ ಒಂದೊಂದು ಗ್ರಾಮಿನಲ್ಲೂ ಕೋಟ್ಯಂತರ ರೋಗಾಣುಗಳಿರುತ್ತವೆ. ಒಂದು ಕೊಟ್ಟಿಗೆಯ ಇಡೀ ವರ್ಷದ ಸೋಂಕಿನ ಬಹುಪಾಲು ಆ ಒಂದೇ ದಿನ ಹೊರಬೀಳುತ್ತದೆ.

ಇಲ್ಲೊಂದು ವಿಷಯ ಹಲವರನ್ನು ದಾರಿ ತಪ್ಪಿಸುತ್ತದೆ. ಬಹುತೇಕ ಹಸುಗಳು ಒಂದೇ ಸಲ ಕಂದು ಹಾಕುತ್ತವೆ. ಮುಂದಿನ ಸಲ ದಿನ ತುಂಬಿ ಕರು ಹಾಕುತ್ತವೆ, ನೋಡಲು ಗಟ್ಟಿಮುಟ್ಟಾಗಿರುತ್ತವೆ. ಆಗ 'ವಾಸಿಯಾಯಿತು' ಎಂದುಕೊಳ್ಳುತ್ತೇವೆ. ವಾಸಿಯಾಗಿರುವುದಿಲ್ಲ. ದಿನ ತುಂಬಿದ ಆ ಹೆರಿಗೆಯ ಕಸದಲ್ಲೂ ರೋಗಾಣು ಇರುತ್ತದೆ, ಅದನ್ನು ಯಾರೂ ಅನುಮಾನಿಸುವುದಿಲ್ಲ.

ಕಂದು ಬಿದ್ದ ದಿನ

ಬರಿಗೈಯಲ್ಲಿ ಏನನ್ನೂ ಮುಟ್ಟಬಾರದು. ಭುಜದವರೆಗಿನ ಕೈಗವಸು, ಅದರ ಮೇಲೆ ಇನ್ನೊಂದು ಜೊತೆ ಸಣ್ಣ ಕೈಗವಸು, ಗಮ್‌ಬೂಟು, ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕು. ಪಶುವೈದ್ಯರಿಗೆ ಈ ರೋಗ ತಗಲುವುದು ಹೆಚ್ಚಾಗಿ ಉಳಿದ ಕಸವನ್ನು ಕೈಹಾಕಿ ತೆಗೆಯುವಾಗ. ಹೀಗೆ ಬಿಡಿಸಿ ಎಳೆದು ತೆಗೆಯುವುದರಿಂದ ಹಸುವಿನ ಗರ್ಭಕೋಶಕ್ಕೂ ಗಾಯವಾಗುತ್ತದೆ, ಲಾಭ ಕಡಿಮೆ. ಹೊರಗೆ ಜೋತಾಡುವ ಭಾಗವನ್ನು ಕತ್ತರಿಸಿ, ಹಸುವಿಗೆ ಜ್ವರ ಬಂದರೆ ಅದಕ್ಕೆ ಚಿಕಿತ್ಸೆ ಕೊಡುವುದು ಎಷ್ಟೋ ಮೇಲು. ಗಬ್ಬದ ಹೆಂಗಸರು ಆ ಕೊಟ್ಟಿಗೆಗೆ ಹೋಗಲೇಬಾರದು.

ಹಸುವನ್ನು ಬೇರೆ ಕಡೆ ಕಟ್ಟಿ. ಸೋರಿಕೆ ಪೂರ್ತಿ ನಿಲ್ಲುವ ತನಕ, ಕನಿಷ್ಠ ಮೂರು-ನಾಲ್ಕು ವಾರ, ಅದರ ನೀರು, ಮೇವು, ಸಗಣಿ ಬಾಚುವ ಸಲಿಕೆ ಎಲ್ಲವೂ ಬೇರೆಯೇ ಇರಲಿ. ಹಾಲು ಕರೆಯುವವರು ಉಳಿದ ಹಸುಗಳದ್ದು ಮುಗಿಸಿ ಕೊನೆಗೆ ಇದರ ಬಳಿಗೆ ಬರಲಿ.

ಕಂದು, ಕಸ, ತೊಯ್ದ ಹುಲ್ಲನ್ನು ಮಾದರಿ ತೆಗೆದ ಮೇಲೆ ಒಟ್ಟಿಗೆ ಹೂಳಬೇಕು. ಬಾವಿ, ಹಳ್ಳಗಳಿಂದ ದೂರದಲ್ಲಿ ಐದಾರು ಅಡಿ ಗುಂಡಿ ತೋಡಿ, ತಳಕ್ಕೆ ಸುಣ್ಣ, ಮೇಲೆ ಸುಣ್ಣ, ಆಮೇಲೆ ಮಣ್ಣು ಹಾಕಿ. ಮೇಲೆ ಕಲ್ಲೋ ಮುಳ್ಳೋ ಹೇರದಿದ್ದರೆ ನಾಯಿ ಬಗೆಯುತ್ತದೆ. ಕಸವನ್ನು ಮರಕ್ಕೆ ಕಟ್ಟುವುದು, ಕೆರೆಗೆ ಎಸೆಯುವುದು, ತಿಪ್ಪೆಗೆ ಹಾಕುವುದು ಎಲ್ಲವೂ ರೋಗವನ್ನು ಊರಿಗೆ ಹಂಚುವ ಕೆಲಸ. ನೇರ ಬಿಸಿಲಿನಲ್ಲಿ ಈ ರೋಗಾಣು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ನೆರಳು, ತೇವ, ತಂಪು ಇರುವ ಕಡೆ ತಿಂಗಳುಗಟ್ಟಲೆ ಬದುಕುತ್ತದೆ. ನಮ್ಮ ಕೊಟ್ಟಿಗೆಯ ಮೂಲೆಗಳು ಅಂಥವೇ.

ನೆಲ ತೊಳೆಯುವಾಗ ಆಗುವ ಸಾಮಾನ್ಯ ತಪ್ಪು, ಸಗಣಿ, ರಕ್ತದ ಮೇಲೆಯೇ ಔಷಧಿ ಸುರಿಯುವುದು. ಹಾಗೆ ಮಾಡಿದರೆ ಔಷಧಿಯ ಬಲವೆಲ್ಲ ಸಗಣಿಯಲ್ಲೇ ಖರ್ಚಾಗುತ್ತದೆ. ಮೊದಲು ಕೆರೆದು ಬಾಚಿ, ಸೋಪಿನ ನೀರಿನಲ್ಲಿ ತಿಕ್ಕಿ, ಆಮೇಲೆ 1 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಅಥವಾ 2 ಶೇಕಡಾ ಕಾಸ್ಟಿಕ್ ಸೋಡಾ ಹಾಕಿ ಅರ್ಧ ಗಂಟೆ ಬಿಡಬೇಕು. ಎರಡನ್ನೂ ಬೆರೆಸಬಾರದು. ಕಾಸ್ಟಿಕ್ ಸೋಡಾ ಚರ್ಮ, ಕಣ್ಣು ಸುಡುತ್ತದೆ, ದನಗಳನ್ನು ಹೊರಗೆ ಕಟ್ಟಿದ ಮೇಲೆಯೇ ಬಳಸಬೇಕು.

ಮಾದರಿ: ಅರ್ಧ ತಪ್ಪುಗಳು ಇಲ್ಲೇ

ಪ್ರಯೋಗಾಲಯ ಎಷ್ಟೇ ಚೆನ್ನಾಗಿರಲಿ, ಬಂದ ಮಾದರಿಗಿಂತ ಉತ್ತಮ ಉತ್ತರ ಕೊಡಲಾರದು. ಕುತ್ತಿಗೆಯ ರಕ್ತನಾಳದಿಂದ 5ರಿಂದ 8 ಮಿಲಿ ರಕ್ತ ತೆಗೆದು, ಏನೂ ಬೆರೆಸದ ಕೆಂಪು ಮುಚ್ಚಳದ ಟ್ಯೂಬಿಗೆ ಗೋಡೆಗುಂಟ ನಿಧಾನವಾಗಿ ಇಳಿಸಿ. ಓರೆಯಾಗಿ, ನೆರಳಿನಲ್ಲಿ, ಕೋಣೆಯ ತಾಪದಲ್ಲಿಟ್ಟು ಹೆಪ್ಪುಗಟ್ಟಲು ಬಿಡಿ. ತೆಗೆದ ಕೂಡಲೇ ಐಸ್ ಡಬ್ಬಿಗೆ ಹಾಕಿದರೆ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ) ಸರಿಯಾಗಿ ಬಿಡುವುದಿಲ್ಲ. ಬೈಕಿನಲ್ಲಿ ಕುಲುಕಿದರೆ, ಇಡೀ ರಕ್ತವನ್ನು ಫ್ರೀಜರಿನಲ್ಲಿಟ್ಟರೆ ಕೆಂಪುಕಣ ಒಡೆದು ಸೀರಂ ಕೆಂಪಾಗುತ್ತದೆ, ಪರೀಕ್ಷೆ ಓದುವುದೇ ಕಷ್ಟವಾಗುತ್ತದೆ. ಸೀರಂ ಬೇರ್ಪಡಿಸಿದ ಮೇಲೆ ತಂಪಿನಲ್ಲಿ ಕಳಿಸಿ.

ಚೀಟಿಯ ಮೇಲೆ 12 ಅಂಕಿಯ ಕಿವಿಯೋಲೆ ಸಂಖ್ಯೆಯ ಜೊತೆಗೆ ನಾಲ್ಕು ಸಂಗತಿ ಇರಲೇಬೇಕು: ವಯಸ್ಸು, ಕಂದು ಬಿದ್ದ ದಿನಾಂಕ, ರಕ್ತ ತೆಗೆದ ದಿನಾಂಕ, ಕಂದು ರೋಗದ ಲಸಿಕೆ ಆಗಿದೆಯೇ, ಆಗಿದ್ದರೆ ಎಷ್ಟನೇ ತಿಂಗಳಲ್ಲಿ. ಇವಿಲ್ಲದ ವರದಿಗೆ ಅರ್ಥ ಹಚ್ಚುವುದು ಸಾಧ್ಯವಿಲ್ಲ. ಯಾಕೆಂದು ಮುಂದೆ ಹೇಳುತ್ತೇವೆ.

ರೋಗಾಣುವನ್ನೇ ಹಿಡಿಯಬೇಕಾದರೆ ಕಂದುವಿನ ನಾಲ್ಕನೇ ಹೊಟ್ಟೆಯ ದ್ರವ, ಶ್ವಾಸಕೋಶ, ಗುಲ್ಮ, ಜೊತೆಗೆ ಕಸದ ಒಂದೆರಡು ಗುಂಡಿ ಕಳಿಸಬೇಕು. ಗುಂಡಿಯನ್ನು ಗಾಜಿನ ಪಟ್ಟಿಗೆ ಒತ್ತಿ ಮಾರ್ಪಡಿಸಿದ ಜೀಲ್-ನೀಲ್ಸನ್ ವಿಧಾನದಲ್ಲಿ ಬಣ್ಣ ಹಾಕಿದರೆ, ನೀಲಿ ಹಿನ್ನೆಲೆಯಲ್ಲಿ ಜೀವಕೋಶದೊಳಗೆ ಗುಂಪಾಗಿ ಕುಳಿತ ಕೆಂಪು ಚುಕ್ಕೆಗಳು ಕಾಣುತ್ತವೆ. ಅಗ್ಗದ, ಬಹಳ ಉಪಯುಕ್ತವಾದ ನೋಟ ಇದು. ಆದರೆ ಕಾಕ್ಸಿಯೆಲ್ಲಾ ಎಂಬ ಬೇರೊಂದು ರೋಗಾಣುವೂ ಹೀಗೇ ಕಾಣುತ್ತದೆ. ಆದ್ದರಿಂದ ಇದು ಸುಳಿವಷ್ಟೇ. ಜಿಲ್ಲಾ ಮಟ್ಟದ ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸುವ ಪ್ರಯತ್ನ ಮಾಡಲೇಬಾರದು. ತಟ್ಟೆಯ ಮುಚ್ಚಳ ತೆಗೆದು ಮೂಸಿದವರಿಗೂ ಸೋಂಕು ತಗಲಬಲ್ಲದು. ಅದಕ್ಕೆ ಹೆಚ್ಚಿನ ಸುರಕ್ಷತೆಯ ಪ್ರಯೋಗಾಲಯ ಬೇಕು. ನಮ್ಮ ಅದೃಷ್ಟಕ್ಕೆ ಇದನ್ನು ದೇಶದ ಮಟ್ಟದಲ್ಲಿ ಅಭ್ಯಸಿಸುವ ನಿವೇದಿ ಸಂಸ್ಥೆ ಯಲಹಂಕದ ಬಳಿಯೇ ಇದೆ.

ರೋಸ್ ಬೆಂಗಾಲ್ ತಟ್ಟೆ ಪರೀಕ್ಷೆ

ಎಲ್ಲ ಕಡೆ ಮೊದಲು ಮಾಡುವ ಪರೀಕ್ಷೆ ಇದು. ಕೊಂದ ಬ್ರುಸೆಲ್ಲಾ ರೋಗಾಣುಗಳಿಗೆ ರೋಸ್ ಬೆಂಗಾಲ್ ಬಣ್ಣ ಹಾಕಿ, ಆಮ್ಲದ ದ್ರಾವಣದಲ್ಲಿ ತೇಲಿಸಿರುತ್ತಾರೆ. ಅದರ ಪಿಎಚ್ 3.65 ಸುಮಾರು. ಆಮ್ಲ ಇರುವುದು ಸುಮ್ಮನೆ ಅಲ್ಲ. ಸಂಬಂಧವಿಲ್ಲದ ಪ್ರತಿಕಾಯಗಳು (ರೋಗಾಣುವಿನ ವಿರುದ್ಧ ದೇಹ ತಯಾರಿಸುವ ವಸ್ತುಗಳು) ಅಂಟಿಕೊಳ್ಳುವುದನ್ನು ಅದು ಬಹಳಷ್ಟು ತಡೆಯುತ್ತದೆ.

ಸೀರಂ ಮತ್ತು ಆ್ಯಂಟಿಜೆನ್ (ಮೇಲೆ ಹೇಳಿದ ಬಣ್ಣದ ದ್ರಾವಣ) ಎರಡನ್ನೂ ಫ್ರಿಜ್ಜಿನಿಂದ ತೆಗೆದು ಒಂದು ಗಂಟೆಯಷ್ಟು ಹೊರಗಿಟ್ಟು ಕೋಣೆಯ ತಾಪಕ್ಕೆ ತನ್ನಿ. ಆ್ಯಂಟಿಜೆನ್ ಸೀಸೆಯನ್ನು ಮೆಲ್ಲಗೆ ಅಲುಗಿಸಿ, ನೊರೆ ಬರಬಾರದು. ಬಿಳಿ ತಟ್ಟೆಯ ಮೇಲೆ 25ರಿಂದ 30 ಮೈಕ್ರೋಲೀಟರ್ ಸೀರಂ, ಅದರ ಪಕ್ಕ ಅಷ್ಟೇ ಆ್ಯಂಟಿಜೆನ್ ಹಾಕಿ, ಕಡ್ಡಿಯಿಂದ ಎರಡು ಸೆಂಟಿಮೀಟರ್ ಅಗಲದ ವೃತ್ತವಾಗಿ ಹರಡಿ, ತಟ್ಟೆಯನ್ನು ನಾಲ್ಕು ನಿಮಿಷ ಆಡಿಸಿ. ನಾಲ್ಕು ನಿಮಿಷ ಮುಗಿದ ಕೂಡಲೇ ಒಳ್ಳೆಯ ಬೆಳಕಿನಲ್ಲಿ ಓದಿ. ಕಣ್ಣಿಗೆ ಕಾಣುವಷ್ಟು ಗರಣೆ ಕಟ್ಟಿದರೆ ಪಾಸಿಟಿವ್. ಪ್ರತಿ ಸಲವೂ ಗೊತ್ತಿರುವ ಒಂದು ಪಾಸಿಟಿವ್, ಒಂದು ನೆಗೆಟಿವ್ ಸೀರಂ ಜೊತೆಗಿರಲಿ.

ತಪ್ಪುವುದು ಎಲ್ಲಿ? ಆರೇಳು ನಿಮಿಷ ಬಿಟ್ಟರೆ ಅಂಚು ಒಣಗಿ ಗರಣೆಯ ಹಾಗೆ ಕಾಣುತ್ತದೆ, ಒಳ್ಳೆಯ ಹಸು ಪಾಸಿಟಿವ್ ಆಗುತ್ತದೆ. ಫ್ರಿಜ್ಜಿನಿಂದ ತೆಗೆದು ತಣ್ಣಗಿರುವಾಗಲೇ ಮಾಡಿದರೆ ದುರ್ಬಲ ಪಾಸಿಟಿವ್ ತಪ್ಪಿಹೋಗುತ್ತದೆ. ಒಮ್ಮೆಗೆ ಮೂವತ್ತು ಸೀರಂ ಸಾಲಾಗಿ ಹಾಕಿದರೆ ಕೊನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಕುರಿ, ಮೇಕೆಗಳಲ್ಲಿ ಸಮಪಾಲು ಹಾಕಿದರೆ ಕೆಲವು ಸೋಂಕಿತ ಪ್ರಾಣಿಗಳು ಸಿಗುವುದಿಲ್ಲ. ಅವಕ್ಕೆ 75 ಮೈಕ್ರೋಲೀಟರ್ ಸೀರಂಗೆ 25 ಮೈಕ್ರೋಲೀಟರ್ ಆ್ಯಂಟಿಜೆನ್ ಬಳಸಬೇಕು.

ಇನ್ನು ಪರೀಕ್ಷೆ ಸರಿಯಾಗಿಯೇ ನಡೆದರೂ ಉತ್ತರ ತಪ್ಪಬಹುದು. ಕಂದು ಹಾಕಿದ ದಿನ ತೆಗೆದ ರಕ್ತದಲ್ಲಿ ಪ್ರತಿಕಾಯ ಇನ್ನೂ ಏರಿರದೆ ನೆಗೆಟಿವ್ ಬರಬಹುದು. ಅದಕ್ಕೇ ಮೂರು ವಾರ ಬಿಟ್ಟು ಎರಡನೇ ಮಾದರಿ ತೆಗೆಯಲೇಬೇಕು. ಆ ಎರಡನೇ ಸಲದ ಸೂಜಿಗೆ ಯಾರೂ ಉತ್ಸಾಹ ತೋರುವುದಿಲ್ಲ, ರೋಗ ತಪ್ಪಿಸಿಕೊಳ್ಳುವುದೂ ಅಲ್ಲೇ. ಸೋಂಕಿತ ತಾಯಿಯ ಗಿಣ್ಣುಹಾಲು ಕುಡಿದ ಕರುವಿನಲ್ಲಿ ತಾಯಿಯ ಪ್ರತಿಕಾಯ ಇದ್ದು ಪಾಸಿಟಿವ್ ಕಾಣುತ್ತದೆ. ಅದೇ ತಾಯಿಯ ಕೆಲವು ಹೆಣ್ಣುಕರುಗಳು ರೋಗಾಣು ಹೊತ್ತೂ ನೆಗೆಟಿವ್ ಆಗಿಯೇ ಬೆಳೆದು, ಮೊದಲ ಸಲ ಈಯುವಾಗ ಬಯಲಾಗುತ್ತವೆ. ಯೆರ್ಸಿನಿಯಾ ಜಾತಿಯ ಒಂದು ಕರುಳಿನ ರೋಗಾಣುವಿನ ಹೊರಕವಚ ಬ್ರುಸೆಲ್ಲಾದ್ದನ್ನೇ ಹೋಲುವುದರಿಂದ ಅದೂ ಪಾಸಿಟಿವ್ ತೋರಿಸಬಲ್ಲದು.

ಒಂದು ಲೆಕ್ಕ

ಪರೀಕ್ಷೆಯೊಂದು ನೂರು ಸೋಂಕಿತ ಹಸುಗಳಲ್ಲಿ 90ನ್ನು ಹಿಡಿಯುತ್ತದೆ, ನೂರು ಆರೋಗ್ಯವಂತ ಹಸುಗಳಲ್ಲಿ 98ನ್ನು ಸರಿಯಾಗಿ ನೆಗೆಟಿವ್ ಎನ್ನುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಸಾವಿರ ಹಸುಗಳಿರುವ ಊರಿನಲ್ಲಿ ಸೋಂಕು 2 ಶೇಕಡಾ. ಸೋಂಕಿತವು 20, ಅದರಲ್ಲಿ 18 ಪಾಸಿಟಿವ್. ಉಳಿದ 980ರಲ್ಲಿ 2 ಶೇಕಡಾ, ಅಂದರೆ ಸುಮಾರು 20, ತಪ್ಪಾಗಿ ಪಾಸಿಟಿವ್. ಒಟ್ಟು 38ರಲ್ಲಿ ನಿಜವಾದವು ಅರ್ಧಕ್ಕೂ ಕಡಿಮೆ! ಸೋಂಕು 20 ಶೇಕಡಾ ಇರುವ ಊರಿನಲ್ಲಾದರೆ 196 ಪಾಸಿಟಿವ್‌ನಲ್ಲಿ 180 ನಿಜ. ಪರೀಕ್ಷೆ ಅದೇ, ಊರು ಬೇರೆ, ವರದಿಯ ಬೆಲೆಯೂ ಬೇರೆ. ಕಂದು ಬಿದ್ದ ಇತಿಹಾಸವೇ ಇಲ್ಲದ ಹಿಂಡಿನಲ್ಲಿ ಒಂಟಿ ಪಾಸಿಟಿವ್ ಬಂದರೆ ಎಲೈಸಾದಂಥ ಎರಡನೇ ಪರೀಕ್ಷೆಯಿಂದ ದೃಢಪಡಿಸದೆ ಆ ಹಸುವಿಗೆ ಹಣೆಪಟ್ಟಿ ಹಚ್ಚಬಾರದು. ಸಾಲ ಮಾಡಿ ತಂದ ಹಸುವಿನ ಮೇಲೆ ಹಾಗೆ ಬರೆದುಬಿಡುವುದು ಒಂದು ಮನೆಯ ಅನ್ನದ ಪ್ರಶ್ನೆ.

ಹಾಲಿನ ಸಂಘದ ಮಟ್ಟದಲ್ಲಿ ರೋಗ ಹುಡುಕಲು ಹಾಲಿನ ಉಂಗುರ ಪರೀಕ್ಷೆ ಇದೆ. ಬೆರೆತ ಹಸಿ ಹಾಲು 1 ಮಿಲಿ, ಬಣ್ಣದ ಆ್ಯಂಟಿಜೆನ್ 30 ಮೈಕ್ರೋಲೀಟರ್, 37 ಡಿಗ್ರಿಯಲ್ಲಿ ಒಂದು ಗಂಟೆ. ಮೇಲೆ ತೇಲುವ ಕೆನೆ ನೀಲಿ ಉಂಗುರವಾಗಿ, ಕೆಳಗಿನ ಹಾಲು ಬಿಳಿಯಾದರೆ ಪಾಸಿಟಿವ್. ಟ್ಯೂಬಿನಲ್ಲಿ ಹಾಲು ಕನಿಷ್ಠ 25 ಮಿಲಿಮೀಟರ್ ಎತ್ತರ ಇರಬೇಕು. ಕಾಯಿಸಿದ, ಹೆಪ್ಪುಗಟ್ಟಿಸಿದ, ಜೋರಾಗಿ ಕುಲುಕಿದ ಹಾಲು ಬೇಡ. ಗಿಣ್ಣು, ಕೆಚ್ಚಲುಬಾವಿನ ಹಾಲು ಬೆರೆತರೆ ಸುಳ್ಳು ಉಂಗುರ ಬರುತ್ತದೆ. ಇದು ಹಿಂಡಿನ ಪರೀಕ್ಷೆ. ಒಂದೊಂದು ಹಸುವಿನ ತೀರ್ಪಿಗೆ ಬಳಸಬಾರದು, ಮೇಕೆ ಹಾಲಿಗೆ ಇದು ಕೆಲಸಕ್ಕೆ ಬಾರದು.

ಲಸಿಕೆ

ಈಗ ಬಳಸುವ ಎಸ್19 ಲಸಿಕೆಯ ತಳಿ ಸಿಕ್ಕಿದ್ದು 1923ರಲ್ಲಿ, ಜಾನ್ ಬಕ್ ಅವರಿಗೆ, ಒಂದು ಜೆರ್ಸಿ ಹಸುವಿನ ಹಾಲಿನಲ್ಲಿ. ಪ್ರಯೋಗಾಲಯದಲ್ಲಿ ಕೋಣೆಯ ತಾಪದಲ್ಲಿ ವರ್ಷಕ್ಕೂ ಹೆಚ್ಚು ಉಳಿದು ಅದು ತನ್ನ ಉಗ್ರತೆ ಕಳೆದುಕೊಂಡಿತ್ತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಎಲ್ಲ ಹೆಣ್ಣುಕರುಗಳಿಗೂ, ಎಮ್ಮೆಕರುಗಳಿಗೂ ಇದನ್ನು ಒಮ್ಮೆ ಹಾಕಲಾಗುತ್ತದೆ. ಪ್ರಮಾಣ 2 ಮಿಲಿ, ಚರ್ಮದಡಿ, ಅದರಲ್ಲಿ ಕನಿಷ್ಠ 4,000 ಕೋಟಿ ಜೀವಂತ ರೋಗಾಣು ಇರಬೇಕು.

ವಯಸ್ಸಿನ ಈ ಕಟ್ಟುಪಾಡಿಗೆ ಕಾರಣವಿದೆ. ಈ ವಯಸ್ಸಿನಲ್ಲಿ ಹಾಕಿದರೆ ಪ್ರತಿಕಾಯ ಕೆಲವು ತಿಂಗಳಲ್ಲಿ ಇಳಿದು, ರಕ್ಷಣೆ ಉಳಿಯುತ್ತದೆ. ಕಡಸಾದ ಮೇಲೆ ಹಾಕಿದರೆ ಪ್ರತಿಕಾಯ ವರ್ಷಗಟ್ಟಲೆ ಉಳಿದು, ಲಸಿಕೆಯ ಗುರುತೋ ರೋಗದ ಗುರುತೋ ರೋಸ್ ಬೆಂಗಾಲ್ ಹೇಳಲಾರದು. ಚೀಟಿಯಲ್ಲಿ ಲಸಿಕೆಯ ತಿಂಗಳು ಕೇಳುವುದು ಇದಕ್ಕೆ. ಗಬ್ಬದ ಹಸುವಿಗೆ ಹಾಕಿದರೆ ಕಂದು ಹಾಕಬಹುದು. ಹೋರಿಗರುವಿಗೆ ಹಾಕಿದರೆ ಬೀಜಕ್ಕೆ ಬಾವು ಬರಬಹುದು.

ಲಸಿಕೆ ಜೀವಂತವಾದ್ದರಿಂದ 2ರಿಂದ 8 ಡಿಗ್ರಿಯಲ್ಲಿಡಬೇಕು. ಕರಗಿಸಿದ ಮೇಲೆ ಐಸಿನ ಮೇಲಿಟ್ಟು, ಲೇಬಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಮುಗಿಸಬೇಕು. ಸಿರಿಂಜನ್ನು ಸ್ಪಿರಿಟ್ಟಿನಲ್ಲಿ ತೊಳೆದರೆ ಲಸಿಕೆ ಅಲ್ಲೇ ಸಾಯುತ್ತದೆ. ಹಾಕುವವರಿಗೂ ಇದು ಅಪಾಯ. ಸೂಜಿ ಕೈಗೆ ಚುಚ್ಚಿದರೆ, ಹನಿ ಕಣ್ಣಿಗೆ ಸಿಡಿದರೆ ತಕ್ಷಣ ಸೋಪು-ನೀರಿನಲ್ಲಿ, ಕಣ್ಣನ್ನಾದರೆ ಬರೀ ನೀರಿನಲ್ಲಿ, ಚೆನ್ನಾಗಿ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಮೂರು ವಾರ ಕೊಡುವುದು ರೂಢಿ. ಲಸಿಕೆಯ ಲೇಬಲ್ ಜೊತೆಗೆ ಒಯ್ಯಿರಿ. ಆರ್‌ಬಿ51 ಎಂಬ ಇನ್ನೊಂದು ಲಸಿಕೆಯ ತಳಿಗೆ ರಿಫಾಂಪಿಸಿನ್ ನಾಟುವುದಿಲ್ಲವಾದ್ದರಿಂದ ಯಾವ ತಳಿ ಎಂಬುದು ವೈದ್ಯರಿಗೆ ತಿಳಿಯಲೇಬೇಕು.

ಲಸಿಕೆ ಹಾಕಿದ ಹಸುಗಳಲ್ಲಿ ನೂರಕ್ಕೆ ಸುಮಾರು 65ರಿಂದ 75 ರಕ್ಷಣೆ ಪಡೆಯುತ್ತವೆ. ಆಗಲೇ ಸೋಂಕು ತಗಲಿದ್ದಕ್ಕೆ ಇದು ಔಷಧಿಯಲ್ಲ. ಕರುಗಳಿಗೆ ಮಾತ್ರ ಹಾಕುವುದರಿಂದ, ಹಳೆಯ ಹಸುಗಳೆಲ್ಲ ಹೋಗಿ ಲಸಿಕೆಯಾದವು ಹಿಂಡು ತುಂಬಲು ಆರೇಳು ವರ್ಷವಾದರೂ ಬೇಕು. ನಡುವೆ ಒಂದೆರಡು ವರ್ಷ ಕೈಬಿಟ್ಟರೆ ಆ ಪೀಳಿಗೆ ಪೂರ್ತಿ ತೆರೆದುಕೊಂಡಿರುತ್ತದೆ.

ಸಭೆಯಲ್ಲಿ ಬಂದ ಪ್ರಶ್ನೆಗಳು

*ಪಾಸಿಟಿವ್ ಬಂದ ಹಸುವನ್ನು ಏನು ಮಾಡುವುದು, ಸ್ವಾಮಿ? ಚಿಕಿತ್ಸೆ ಇಲ್ಲವೇ?*

ಹಸುವಿನಲ್ಲಿ ರೋಗಾಣುವನ್ನು ಪೂರ್ತಿ ತೆಗೆಯುವ ನಂಬಿಕಸ್ಥ ಚಿಕಿತ್ಸೆ ಇಲ್ಲ. ದುಬಾರಿ ಆ್ಯಂಟಿಬಯಾಟಿಕ್ ವಾರಗಟ್ಟಲೆ ಕೊಟ್ಟರೂ ಅದು ಮತ್ತೆ ಹೊರಬರುತ್ತದೆ, ಹಾಲಿನಲ್ಲಿ ಔಷಧಿಯ ಶೇಷ ಬೇರೆ. ಆಸ್ಟ್ರೇಲಿಯಾ 1989ರಲ್ಲಿ ದನಗಳ ಕಂದು ರೋಗದಿಂದ ಮುಕ್ತವಾದದ್ದು ಪರೀಕ್ಷಿಸಿ, ಪಾಸಿಟಿವ್ ಬಂದವನ್ನು ವಧಿಸಿ, ಪರಿಹಾರ ಕೊಟ್ಟು. ನಮ್ಮಲ್ಲಿ ಆ ದಾರಿ ರೂಢಿಯಲ್ಲಿಲ್ಲ. ಹಾಗಾಗಿ ಆಗುತ್ತಿರುವುದೇನು? ಆ ಹಸು ಸಂತೆಗೆ ಹೋಗುತ್ತದೆ, ಇನ್ನೊಂದು ಊರಿನ ಬಡ ರೈತ ಅದನ್ನು ಗಬ್ಬದ ಹಸುವೆಂದು ಹೆಚ್ಚು ಬೆಲೆಗೆ ಕೊಳ್ಳುತ್ತಾನೆ. ಇದು ತಪ್ಪು ಎಂದು ಹೇಳಲು ಹಿಂಜರಿಯಬೇಕಿಲ್ಲ. ಆದರೆ ಮಾರುವವನೂ ಬಡವನೇ. ಪರಿಹಾರವಿಲ್ಲದೆ ಬರೀ ಉಪದೇಶ ಮಾಡಿದರೆ ರೈತರು ಪರೀಕ್ಷೆಯನ್ನೇ ಮುಚ್ಚಿಡುತ್ತಾರೆ. ಇಟ್ಟುಕೊಳ್ಳುವುದಾದರೆ ಬೇರೆ ಕಟ್ಟಿ, ಈಯುವ ಮುನ್ನ ಇನ್ನೂ ದೂರ ಮಾಡಿ, ಪ್ರತಿ ಹೆರಿಗೆಯ ಕಸವನ್ನೂ ಕಂದು ಬಿದ್ದ ದಿನದಂತೆಯೇ ಹೂಳಿ, ಊರ ಹೋರಿಗೆ ಬಿಡಬೇಡಿ.

*ಹಾಲು ಕುಡಿಯಬಹುದೇ?*

ಕಾಯಿಸಿದರೆ ರೋಗಾಣು ಉಳಿಯದು. 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕು. ನಮ್ಮ ಮನೆಗಳಲ್ಲಿ ಹಾಲು ಉಕ್ಕುವ ತನಕ ಕಾಯಿಸುತ್ತಾರೆ, ಅದು ಧಾರಾಳ. ಹಸಿ ಹಾಲು, ನೊರೆ ಹಾಲು, ಹಸಿ ಮೇಕೆ ಹಾಲು ಬೇಡ. ಕಂದು ಹಾಕಿದ ಹಸುವಿನ ಹಾಲನ್ನು ಹಸಿಯಾಗಿ ಬೇರೆ ಕರುಗಳಿಗೂ ಕುಡಿಸಬೇಡಿ.

*ನಮಗೆ ಬಂದಿದೆ ಎಂದು ತಿಳಿಯುವುದು ಹೇಗೆ?*

ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು, ತೀರದ ಸುಸ್ತು, ಗಂಡಸರಲ್ಲಿ ಬೀಜದ ಊತ. ಸೋಂಕು ತಗಲಿ ಒಂದೆರಡು ವಾರಕ್ಕೂ ಕಾಣಬಹುದು, ತಿಂಗಳುಗಳ ಮೇಲೂ ಕಾಣಬಹುದು. ಟೈಫಾಯ್ಡ್ ಎಂದೋ ಕ್ಷಯ ಎಂದೋ ಚಿಕಿತ್ಸೆಯಾಗಿ ವಾಸಿಯಾಗದೆ ಅಲೆಯುವವರಿದ್ದಾರೆ. ವೈದ್ಯರು ಕೇಳದಿದ್ದರೂ 'ನಮ್ಮ ಮನೆಯಲ್ಲಿ ದನ-ಮೇಕೆ ಇವೆ, ಇಂಥ ತಿಂಗಳು ಒಂದು ಕಂದು ಹಾಕಿತು, ನಾನೇ ಕಸ ಎತ್ತಿದೆ' ಎಂದು ನೀವೇ ಹೇಳಿ. ಚಿಕಿತ್ಸೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ, ಆರು ವಾರ. ಎರಡನೇ ವಾರಕ್ಕೇ ಜ್ವರ ಇಳಿದು ಮಾತ್ರೆ ಬಿಟ್ಟವರಲ್ಲಿ ರೋಗ ಮರುಕಳಿಸುತ್ತದೆ.

*ಪರೀಕ್ಷೆ ನೆಗೆಟಿವ್ ಬಂದರೂ ಹಿಂಡಿನಲ್ಲಿ ಕಂದು ಬೀಳುತ್ತಲೇ ಇವೆ?*

ಮೊದಲು ಎರಡನೇ ಮಾದರಿ ಆಗಿದೆಯೇ ನೋಡಿ. ಆಗಿದ್ದೂ ನೆಗೆಟಿವ್ ಆದರೆ ಲೆಪ್ಟೋಸ್ಪೈರಾ, ಐಬಿಆರ್ ವೈರಾಣು, ನಿಯೋಸ್ಪೋರಾ, ಕಾಕ್ಸಿಯೆಲ್ಲಾ, ಹೋರಿ ಬಳಸುವ ಊರಾದರೆ ಟ್ರೈಕೊಮೊನಾಸ್ ಮತ್ತು ಕ್ಯಾಂಪೈಲೋಬ್ಯಾಕ್ಟರ್ ಹುಡುಕಬೇಕು. ಬಿದ್ದ ತಿಂಗಳು ಇಲ್ಲಿ ಒಳ್ಳೆಯ ಸುಳಿವು: ಟ್ರೈಕೊಮೊನಾಸ್ ಹೆಚ್ಚಾಗಿ ಮೊದಲ ತಿಂಗಳುಗಳಲ್ಲಿ, ನಿಯೋಸ್ಪೋರಾ ಐದಾರು ತಿಂಗಳ ಸುಮಾರಿಗೆ. ಕಂದು ಮತ್ತು ಕಸ ಎರಡೂ ಪ್ರಯೋಗಾಲಯಕ್ಕೆ ಬಂದರೆ ಮಾತ್ರ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಬರೀ ರಕ್ತ ಕಳಿಸಿದರೆ ಇವುಗಳಲ್ಲಿ ಹಲವು ಸಿಗುವುದೇ ಇಲ್ಲ.